ಹೊರಸಿನ ಹೆಣಿಗೆಯ ತಗ್ಗು ಸ್ಟೂಲು: ನೀವೇ ಮಾಡಿಕೊಳ್ಳಿ

‘ಪರಿಸರಸ್ನೇಹಿ’ ಎಂಬ ಚೀಟಿ ಅಂಟಿಸಿಕೊಂಡ ಕುರ್ಚಿ ಕೊಳ್ಳುವ ಮುನ್ನ ಅದನ್ನೊಮ್ಮೆ ಬೋರಲು ಹಾಕಿ ನೋಡಿ. ಕಾಲು ಅಲುಗಾಡತೊಡಗಿದರೆ ಬಿಚ್ಚಿ ಮತ್ತೆ ಕೂಡಿಸಲು ಬರುತ್ತದೆಯೇ? ಕೂರುವ ಭಾಗ ಹರಿದರೆ ಅದನ್ನಷ್ಟೇ ಬದಲಿಸಬಹುದೇ? ಇಲ್ಲ ಎಂದಾದರೆ ಅದು ಎಂಥ ಮರದ್ದೇ ಆಗಲಿ, ಗುಜರಿಗೆ ಹೋಗುವ ದಿನ ದೂರವಿಲ್ಲ. ಉತ್ತರ ಕರ್ನಾಟಕದ ಅಂಗಳಗಳಲ್ಲಿ ಇಂದಿಗೂ ಕಾಣುವ ಹೊರಸು, ಅಂದರೆ ಹಗ್ಗದ ಮಂಚ, ಈ ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುತ್ತದೆ. ಮೊಳೆಯಿಲ್ಲದ ಚೌಕಟ್ಟು, ಅದರ ಮೇಲೆ ಹಗ್ಗದ ಹೆಣಿಗೆ. ಹಗ್ಗ ಸವೆದರೆ ಹೊಸ ಹಗ್ಗ, ಚೌಕಟ್ಟು ಮಾತ್ರ ಅಜ್ಜನ ಕಾಲದ್ದೇ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ, ಒಬ್ಬನೇ ಹೊತ್ತೊಯ್ಯಬಹುದಾದಷ್ಟು ಹಗುರವಾದ ಹಿಂದೂಸ್ತಾನದ ಹಗ್ಗದ ಮಂಚಗಳ ಬಗ್ಗೆ ಬರೆದಿಟ್ಟಿದ್ದಾನೆ.

ಮೊದಲ ಸಲವೇ ಇಡೀ ಹೊರಸಿಗೆ ಕೈಹಾಕಬೇಡಿ. ಅದೇ ಕಟ್ಟಿನ ಸಣ್ಣ ರೂಪವಾದ, ಪಂಜಾಬಿನ ಕಡೆ ಪೀಢಿ ಎನ್ನುವ ಬಗೆಯ ತಗ್ಗು ಆಸನದಿಂದ ಶುರುಮಾಡಿ. ಇಲ್ಲಿ ಹೇಳುವುದು 40 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದ, 30 ಸೆಂ.ಮೀ. ಎತ್ತರದ ಸ್ಟೂಲಿನ ಲೆಕ್ಕ.

ಮರ

ಹಳೇ ಬಾಗಿಲು, ಕಿಟಕಿ ಚೌಕಟ್ಟುಗಳೇ ನನ್ನ ಮೊದಲ ಆಯ್ಕೆ. ಕೆಡವಿದ ಮನೆಗಳ ಸಾಮಾನು ಮಾರುವಲ್ಲಿ ತೇಗ, ಹೊನ್ನೆ, ಹಲಸಿನ ತುಂಡುಗಳು ಸಿಗುತ್ತವೆ. ದಶಕಗಳಿಂದ ಒಣಗಿರುವ ಈ ಮರ ಇನ್ನು ಸೊಟ್ಟಗಾಗುವುದು ಕಡಿಮೆ. ಗರಗಸ ಹಾಕುವ ಮೊದಲು ಅಯಸ್ಕಾಂತ ಆಡಿಸಿ ನೋಡಿ, ಒಳಗೆ ಮುರಿದು ಉಳಿದ ಮೊಳೆ ಇದ್ದೇ ಇರುತ್ತದೆ. ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆಹುಳು ಇನ್ನೂ ಒಳಗಿದೆ ಎಂದರ್ಥ. ಆ ತುಂಡು ಬೇಡ.

ಹೊಸ ಮರವೇ ಬೇಕೆಂದರೆ ಹಲಸು ಒಳ್ಳೆಯದು. ಕೊಯ್ದಾಗ ಹಳದಿಯಾಗಿದ್ದು, ಬೆಳಕು ತಾಗಿದಂತೆ ಕಂದಿಗೆ ತಿರುಗುತ್ತದೆ. ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಕೂಡ ನಡೆದೀತು. ಬೀಟೆಯನ್ನು ಬಿಟ್ಟುಬಿಡಿ, ಒಂದು ಸ್ಟೂಲಿಗಾಗಿ ಅಷ್ಟು ನಿಧಾನವಾಗಿ ಬೆಳೆಯುವ ಮರವನ್ನು ಬಳಸುವುದು ದುಂದು. ಸ್ವಂತ ಜಮೀನಿನ ಮರವಾದರೂ ಕಡಿಯುವ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿ. ರಾಜ್ಯದಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿದೆ. ಹಸಿ ಹಲಗೆಯನ್ನು ನೆರಳಿನಲ್ಲಿ, ನಡುನಡುವೆ ಪಟ್ಟಿ ಇಟ್ಟು ಗಾಳಿಯಾಡುವಂತೆ ಪೇರಿಸಬೇಕು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಅಂದಾಜು ಲೆಕ್ಕ.

ಕತ್ತರಿಸಿಕೊಳ್ಳಬೇಕಾದ ತುಂಡುಗಳು ಹೀಗಿವೆ. 4 ಸೆಂ.ಮೀ. ಚೌಕದ, 30 ಸೆಂ.ಮೀ. ಉದ್ದದ ನಾಲ್ಕು ಕಾಲು. ಹಗ್ಗ ಸುತ್ತುವ ಮೇಲಿನ ಅಡ್ಡಪಟ್ಟಿಗಳು ನಾಲ್ಕು, ಪ್ರತಿಯೊಂದೂ 37 ಸೆಂ.ಮೀ. ಉದ್ದ, 4 ಸೆಂ.ಮೀ. ಎತ್ತರ, 2.5 ಸೆಂ.ಮೀ. ದಪ್ಪ. ಅಷ್ಟೇ ಉದ್ದದ, ತುಸು ತೆಳುವಾದ ಕೆಳಪಟ್ಟಿಗಳು ಇನ್ನು ನಾಲ್ಕು. ಕೆಳಪಟ್ಟಿ ಬೇಡವೆಂದು ಉಳಿಸಲು ಹೋಗಬೇಡಿ. ಹೆಣಿಗೆ ಬಿಗಿಯಾದಂತೆ ಕಾಲುಗಳ ತಲೆಯನ್ನು ಒಳಕ್ಕೆ ಎಳೆಯುತ್ತದೆ, ಆ ಎಳೆತಕ್ಕೆ ಎದುರು ನಿಲ್ಲುವುದು ಇವೇ.

ಕೂಡಿಕೆ

ಸ್ಟೂಲಿನ ಆಯುಷ್ಯ ನಿರ್ಧಾರವಾಗುವುದು ಇಲ್ಲಿ. ಕಾಲಿನಲ್ಲಿ ಚೌಕ ತೂತು, ಪಟ್ಟಿಯ ತುದಿಯಲ್ಲಿ ಅದಕ್ಕೆ ಸರಿಹೊಂದುವ ನಾಲಿಗೆ. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೇ ಒಂದು ಭಾಗದಷ್ಟಿರಲಿ, ಅಂದರೆ ಮೇಲಿನ ಪಟ್ಟಿಗೆ ಸುಮಾರು 8 ಮಿ.ಮೀ. ನಾಲಿಗೆಯ ಉದ್ದ ಎರಡೂ ತುದಿಯಲ್ಲಿ ತಲಾ 2.5 ಸೆಂ.ಮೀ. ಆಗ ಕಾಲುಗಳ ನಡುವೆ 32 ಸೆಂ.ಮೀ. ಉಳಿಯುತ್ತದೆ.

ಮೊದಲು ತೂತು ಕೊರೆಯಿರಿ, ನಾಲಿಗೆ ಆಮೇಲೆ. ನಾಲಿಗೆ ದಪ್ಪವಾದರೆ ಕೆತ್ತಿ ಇಳಿಸಬಹುದು, ತೂತು ಅಗಲವಾದರೆ ಮಾಡುವುದಕ್ಕೇನೂ ಇಲ್ಲ. ಬೈರಿಗೆಯಿಂದ ಸಾಲಾಗಿ ರಂಧ್ರ ಹಾಕಿ, ಉಳಿ ಮತ್ತು ಕೊಡತಿಯಿಂದ ಬದಿಗಳನ್ನು ನೇರ ಮಾಡಿಕೊಳ್ಳಿ. ಕಾಲಿನ ತಲೆ ಪಟ್ಟಿಗಿಂತ ಎರಡು ಸೆಂ.ಮೀ.ನಷ್ಟು ಮೇಲಕ್ಕೆ ಚಾಚಿಕೊಂಡಿರಲಿ, ತುದಿಗೆ ತೀರಾ ಹತ್ತಿರ ಕೊರೆದರೆ ಮರ ಸೀಳುತ್ತದೆ. ಒಂದೇ ಕಾಲಿನೊಳಗೆ ಎರಡು ದಿಕ್ಕಿನಿಂದ ಬರುವ ನಾಲಿಗೆಗಳು ಡಿಕ್ಕಿ ಹೊಡೆಯದಂತೆ ಎರಡರ ತುದಿಯನ್ನೂ ಓರೆಯಾಗಿ ಕತ್ತರಿಸಿ. ನಾಲಿಗೆ ಅಂಗೈಯ ಪೆಟ್ಟಿಗೆ ಒಳಹೋಗಬೇಕು. ಕೊಡತಿಯಿಂದ ಜೋರಾಗಿ ಬಡಿಯಬೇಕಾಗಿ ಬಂದರೆ ಬಿಗಿ ಹೆಚ್ಚಾಯಿತು, ತಾನಾಗಿ ಜಾರಿದರೆ ಸಡಿಲವಾಯಿತು.

ಅಂಟಿನ ಬದಲು ಒಣ ಬಿದಿರಿನ ಬೆಣೆ ಹಾಕಿ. ಇದರಲ್ಲೊಂದು ಹಳೇ ಜಾಣತನವಿದೆ. ಕಾಲಿಗೆ ಅಡ್ಡಲಾಗಿ ರಂಧ್ರ ಹಾಕಿ, ನಾಲಿಗೆಯನ್ನು ಕೂರಿಸಿ ಗುರುತು ಮಾಡಿ, ಹೊರತೆಗೆದು ಆ ಗುರುತಿಗಿಂತ ಒಂದು ಮಿ.ಮೀ.ನಷ್ಟು ಪಟ್ಟಿಯ ನಡುವಿನ ಕಡೆಗೆ ಸರಿಸಿ ನಾಲಿಗೆಗೆ ರಂಧ್ರ ಕೊರೆಯಿರಿ. ಮೂತಿ ಚೂಪು ಮಾಡಿದ ಬೆಣೆ ಹೊಡೆದಾಗ ಅದು ಪಟ್ಟಿಯನ್ನು ಕಾಲಿನತ್ತ ಎಳೆದು ಬಿಗಿಯುತ್ತದೆ. ಮುಂದೆ ರಿಪೇರಿಗೆ ಬೆಣೆ ಕೊರೆದು ತೆಗೆದರಾಯಿತು. ಕಡೆಗೆ ಮೇಲಿನ ಪಟ್ಟಿಗಳ ಅಂಚನ್ನೆಲ್ಲ ಉಜ್ಜಿ ದುಂಡಗೆ ಮಾಡಿ. ಚೂಪು ಅಂಚು ಹಗ್ಗವನ್ನು ಕತ್ತರಿಸುತ್ತದೆ.

ಎಣ್ಣೆ

ಹಗ್ಗ ಸುತ್ತುವ ಮುಂಚೆಯೇ ಇದು ಮುಗಿಯಬೇಕು. ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಇಪ್ಪತ್ತು ನಿಮಿಷದ ಬಳಿಕ ಹೆಚ್ಚಾದದ್ದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಇನ್ನೊಂದು ಸಲ. ಪೇಂಟ್ ಅಂಗಡಿಯ ಬಾಯಿಲ್ಡ್ ಎಣ್ಣೆ ಬೇಗ ಒಣಗುತ್ತದೆ, ಹಸಿ ಎಣ್ಣೆಗೆ ಹಲವು ದಿನ ಬೇಕು. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ಎಂದೂ ಗಟ್ಟಿಯಾಗದೆ ಧೂಳು ಹಿಡಿಯುತ್ತದೆ. ಒರೆಸಿದ ಬಟ್ಟೆಯ ವಿಷಯದಲ್ಲಿ ಎಚ್ಚರ: ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆ ಮಾಡಿ ಎಸೆದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅದನ್ನು ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಹೆಣಿಗೆ

ಪುಂಡಿನಾರಿನ ಹಗ್ಗ ಗಟ್ಟಿ. ಹತ್ತಿಯದು ಮೈಗೆ ಹಿತ, ಆದರೆ ಹಿಗ್ಗುತ್ತದೆ. ತೆಂಗಿನ ನಾರು ಚುಚ್ಚುತ್ತದೆ. 5 ಮಿ.ಮೀ. ದಪ್ಪದ ಹಗ್ಗವಾದರೆ ಈ ಅಳತೆಗೆ ಸುಮಾರು 110 ಮೀಟರ್ ಬೇಕು, 120 ತನ್ನಿ. ಹತ್ತು ಹನ್ನೆರಡು ಮೀಟರಿನ ತುಂಡು ಮಾಡಿಕೊಂಡು, ಸೇರಿಸುವ ಗಂಟು ಕೆಳಮೈಗೆ ಬರುವಂತೆ ನೋಡಿಕೊಳ್ಳಿ.

ಮೊದಲು ಮುಂದಿನ ಮತ್ತು ಹಿಂದಿನ ಪಟ್ಟಿಗಳನ್ನು ಬಳಸಿ ಒಂದರ ಪಕ್ಕ ಒಂದರಂತೆ 64 ಸುತ್ತು ಹಾಕಿ. ಇಲ್ಲಿ ಬಲಪ್ರಯೋಗ ಬೇಡ, ಅಂಗೈಯಿಂದ ಒತ್ತಿದರೆ ಎರಡು ಬೆರಳಿನಷ್ಟು ಕುಸಿಯಲಿ. ಅಡ್ಡ ಹೆಣಿಗೆ ಬಂದಾಗ ಉಳಿದ ಬಿಗಿ ತಾನೇ ಬರುತ್ತದೆ. ಈಗಲೇ ತಂತಿಯಂತೆ ಬಿಗಿದರೆ ಕೊನೆಯ ಸಾಲುಗಳಲ್ಲಿ ಹಗ್ಗ ತೂರಿಸಲು ಜಾಗವೇ ಇರುವುದಿಲ್ಲ.

ನಂತರ ಎಡ ಬಲದ ಪಟ್ಟಿಗಳ ನಡುವೆ ಅಡ್ಡ ಹೆಣಿಗೆ. ನಾಲ್ಕು ಎಳೆಯ ಮೇಲೆ, ನಾಲ್ಕು ಎಳೆಯ ಕೆಳಗೆ. ಹೀಗೆ ನಾಲ್ಕು ಸಾಲಾದ ಮೇಲೆ ಉಲ್ಟಾ ಮಾಡಿ. ಚೌಕಳಿ ತಾನಾಗಿ ಮೂಡುತ್ತದೆ. ತುದಿಯಲ್ಲಿ ತೂತು ಮಾಡಿದ ಚಪ್ಪಟೆ ಬಿದಿರುಕಡ್ಡಿಯೇ ಸೂಜಿ. ಮೇಲಕ್ಕೆತ್ತಬೇಕಾದ ಎಳೆಗಳಡಿ ಅಂಗೈಯಗಲದ ಪಟ್ಟಿ ತೂರಿಸಿ ನಿಲ್ಲಿಸಿದರೆ ದಾರಿ ಸುಲಭ. ಪ್ರತಿ ಸಾಲನ್ನೂ ಹಿಂದಿನದಕ್ಕೆ ಒತ್ತಿ ಕೂರಿಸಿ. ಹಗ್ಗ ಕೆಳಗಿನಿಂದ ವಾಪಸು ಬರುವಾಗಲೂ ಹೆಣೆಯಬೇಕು, ಅಲ್ಲಿ ಎಂಟೆಂಟು ಎಳೆ ಬಿಟ್ಟರೂ ತೊಂದರೆಯಿಲ್ಲ. ಕಡೇ ನಾಲ್ಕಾರು ಸಾಲು ಬೆರಳಿಗೆ ಬೊಬ್ಬೆ ಬರಿಸುತ್ತವೆ, ಬಟ್ಟೆ ಸುತ್ತಿಕೊಳ್ಳಿ.

ಕೆಲವು ತಿಂಗಳಲ್ಲಿ ನಡು ತುಸು ಜೋತು ಬೀಳುವುದು ಸಹಜ. ಕೊನೆಯ ಗಂಟು ಬಿಚ್ಚಿ, ಸಡಿಲವನ್ನು ಎಳೆಯಿಂದ ಎಳೆಗೆ ದೂಡುತ್ತ ಬಂದು ಮತ್ತೆ ಕಟ್ಟಿ. ಇನ್ನು ಹೊರಸಿನ ಹಳೇ ಶತ್ರು ತಿಗಣೆ. ಸೇರಿಕೊಂಡರೆ ಔಷಧಿ ಹೊಡೆಯುವ ಮೊದಲು, ಸ್ಟೂಲನ್ನು ಅಂಗಳಕ್ಕೆ ಒಯ್ದು ಹೆಣಿಗೆಯ ಸಂದುಗೊಂದಿಗೆಲ್ಲ ಕುದಿಯುವ ನೀರು ಸುರಿದು, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ.