ಬ್ಯಾಸಗಿ ಬಿಸಿಲಿಗೆ ತಡಿಯೋ ಲಿಪ್‌ಸ್ಟಿಕ್ ಮನ್ಯಾಗ ಮಾಡೂದು ಹೆಂಗ

ಬೀಟ್‌ರೂಟ್ ತುರದು, ರಸಾ ಹಿಂಡಿ, ಕೊಬ್ಬರಿ ಎಣ್ಣ್ಯಾಗ ಕಲಸಿ ಫ್ರಿಜ್ಜಿನ್ಯಾಗ ಇಟ್ರ ಲಿಪ್‌ಸ್ಟಿಕ್ ಆತು ಅಂತ ಭಾಳ ಮಂದಿ ಹೇಳ್ತಾರ, ನಾನೂ ಮೊದಲನೇ ಸಲ ಹಂಗ ಮಾಡಿದ್ದೆ. ಫ್ರಿಜ್ಜಿನಿಂದ ಹೊರಗ ತಗದ ಅರ್ಧ ತಾಸಿನ್ಯಾಗ ಎಣ್ಣಿ ಮ್ಯಾಲ, ಕೆಂಪು ನೀರು ಕೆಳಗ. ವಾರ ಕಳಿಯೂದ್ರೊಳಗ ಡಬ್ಬಿ ಅಂಚಿಗೆ ಬೂಸ್ಟು ಬಂದಿತ್ತು. ಆಮ್ಯಾಲ ತಿಳೀತು, ಬೀಟ್‌ರೂಟಿನ ಬಣ್ಣ ನೀರಾಗ ಕರಗೂದು, ಎಣ್ಣ್ಯಾಗ ಕರಗಂಗಿಲ್ಲ, ಲಿಪ್‌ಸ್ಟಿಕ್ ಅಂದ್ರ ಪೂರಾ ಎಣ್ಣಿ ಮತ್ತ ಮೇಣ, ಅದರಾಗ ನೀರು ಹೋತಂದ್ರ ಕೆಡೂದ ಅದು. ಮತ್ತ ಆ ಬಣ್ಣ ಬಿಸಿಗೂ ಬೆಳಕಿಗೂ ತಡಿಯಂಗಿಲ್ಲ, ಕಂದು ಆಗ್ತೈತಿ. ಅದಕ್ಕ ಎಣ್ಣ್ಯಾಗ ಕರಗೋ ಬಣ್ಣ ಬೇಕು, ಮೇಣ ನಮ್ಮ ಊರಿನ ಬಿಸಿಲಿಗೆ ತಕ್ಕಂಗ ಇರಬೇಕು, ಇವೆರಡು ಸರಿ ಆದ್ರ ಉಳದದ್ದು ಚಹಾ ಮಾಡಿದಷ್ಟು ಸಲೀಸು.

ನಾನು ಇದಕ್ಕ ಕೈ ಹಾಕಿದ್ದು ನಮ್ಮ ಅಕ್ಕನ ಮಗಳ ಸಲುವಾಗಿ. ಬನಶಂಕರಿ ಜಾತ್ರ್ಯಾಗ ಒಂದು ಅಂಗಡ್ಯಾಗ ಅಗ್ಗದ ಲಿಪ್‌ಸ್ಟಿಕ್ ತೊಗೊಂಡು ಹಚ್ಚಿಕೊಂಡಿದ್ಲು, ಮರುದಿನ ಮುಂಜಾನೆ ತುಟಿ ಬಾತು ಸುತ್ತಲೂ ಗುಳ್ಳಿ ಎದ್ದಿದ್ದು, ಡಬ್ಬಿ ಮ್ಯಾಲ ಏನೇನು ಹಾಕ್ಯಾರ ಅಂತ ಒಂದಕ್ಷರ ಬರದಿರಲಿಲ್ಲ. ತುಟಿಗೆ ಹಚ್ಚಿದ್ದು ತುಟಿ ಮ್ಯಾಲ ಅಷ್ಟ ಇರೂದಿಲ್ಲರೀ, ರೊಟ್ಟಿ ತಿನ್ನೂವಾಗ, ಚಹಾ ಕುಡಿಯೂವಾಗ ಅದರ ಕೂಡ ಹೊಟ್ಟಿಗೂ ಹೋಗ್ತೈತಿ. ಹಂಗಾಗಿ ಒಳಗ ಏನೈತಿ ಅಂತ ನಮಗ ಗೊತ್ತಿರೂದು ಛಲೋ.

ಈಗ ಸಾಮಾನು. ಜೇನುಮೇಣ ಬೇಕು, ಇದು ಕಡ್ಡಿಗೆ ಗಟ್ಟಿತನ ಕೊಡ್ತೈತಿ, ಕರಗೂದು 62ರಿಂದ 64 ಡಿಗ್ರಿಗೆ. ಮೇಣದ ಬತ್ತಿ ಕರಗಿಸಿ ಹಾಕಬ್ಯಾಡ್ರಿ, ಅದು ಪ್ಯಾರಾಫಿನ್, ಬ್ಯಾರೇ ವಸ್ತು. ಖರೇ ಜೇನುಮೇಣ ಅಂಗೈಯಾಗ ಹಿಡದು ತಿಕ್ಕಿದ್ರ ಮೆತ್ತಗಾಗಿ ಹಿಟ್ಟಿನಂಗ ಮಣೀತೈತಿ, ಜೇನಿನ ವಾಸನಿ ಬರ್ತೈತಿ. ಜೇನು ಬಿಡಿಸೋರ ಹತ್ರ ಹುಟ್ಟು ಸಿಕ್ಕರ ಇನ್ನೂ ಛಲೋ, ಅದನ್ನ ನೀರಾಗ ಹಾಕಿ ಸಣ್ಣ ಉರಿ ಮ್ಯಾಲ ಕರಗಿಸಿ ಬಟ್ಟ್ಯಾಗ ಸೋಸಿ ಆರಾಕ ಬಿಟ್ರ ಮೇಣ ಮ್ಯಾಲ ಬಿಲ್ಲೆಯಾಗಿ ತೇಲ್ತೈತಿ, ಕಸಾ ಕೆಳಗ ಕೂಡ್ತೈತಿ. ಆ ಬಿಲ್ಲೆ ತಳಾ ಕೆರದು, ಪೂರಾ ಒಣಗಿಸಿ ಇಟ್ಕೋರಿ, ಒಂದು ಹನಿ ನೀರೂ ಉಳೀಬಾರ್ದು.

ಎರಡನೇದು ಔಡಲ ಎಣ್ಣಿ. ನಮ್ಮ ಆಯಿ ಹೊಟ್ಟಿ ಸ್ವಚ್ಛ ಆಗ್ಲಿ ಅಂತ ಕುಡಸ್ತಿದ್ದ ಅದ ಎಣ್ಣಿ. ದಪ್ಪ ಇರ್ತೈತಿ, ತುಟಿಗೆ ಅಂಟಿಕೊಂಡು ಹೊಳಪು ಕೊಡ್ತೈತಿ, ಲಗೂನ ಕಮಟಂಗಿಲ್ಲ, ಅಂಗಡಿ ಲಿಪ್‌ಸ್ಟಿಕ್ಕಿನ್ಯಾಗೂ ಹೆಚ್ಚಾಗಿ ಇದನ್ನ ಹಾಕ್ತಾರ. ಮೂರನೇದು ಕೋಕಂ ತುಪ್ಪ, ಇದಕ್ಕ ಬೆಳಗಾವಿ ಮಂದಿ ಪುಣ್ಯಾ ಮಾಡ್ಯಾರ, ಘಟ್ಟದ ಕೆಳಗಿಂದ ಕೋಕಂ ಬರ್ತೈತಲ್ಲ, ಅದರ ಬೀಜದಿಂದ ತಗಿಯೋ ಗಟ್ಟಿ ಬಿಳಿ ತುಪ್ಪ, ತತ್ತಿ ಆಕಾರದ ಉಂಡಿ ಕಟ್ಟಿ ಮಾರ್ತಾರ, ಕೊಂಕಣದಾಗ ಒಡದ ಹಿಮ್ಮಡಿಗೆ ಹಚ್ಚತಾರ. ಇದು ಕರಗೂದು ಹೆಚ್ಚುಕಡಿಮಿ 40 ಡಿಗ್ರಿಗೆ. ಕೊಬ್ಬರಿ ಎಣ್ಣಿ 24 ಡಿಗ್ರಿಗೇ ನೀರಾಗ್ತೈತಿ, ವಿಜಯಪುರದಾಗ ಎಪ್ರಿಲ್ ಮೇ ಅಂದ್ರ 40 ದಾಟ್ತೈತಿ, ಅಂಥಾದ್ರಾಗ ಕೊಬ್ಬರಿ ಎಣ್ಣಿ ಹಾಕಿದ ಕಡ್ಡಿ ಪರ್ಸಿನ್ಯಾಗ ಹೆಂಗ ನಿಲ್ಲಬೇಕ್ರಿ? ತಂಪು ದೇಶದವರು ಬರದಿದ್ದ ಅಳತಿ ನಮಗ ಹೊಂದಂಗಿಲ್ಲ, ಇದನ್ನ ನಾ ಎರಡು ಬ್ಯಾಸಗಿ ಮೂರು ದುಪಟ್ಟಾ ಹಾಳು ಮಾಡಿಕೊಂಡು ಕಲ್ತೀನಿ.

ನಾಲ್ಕನೇದು ಬಣ್ಣ, ಅದ ರತನ್‌ಜೋತ್. ಗಿಡಮೂಲಿಕಿ ಅಂಗಡ್ಯಾಗ, ಬಿರ್ಯಾನಿ ಮಸಾಲಿ ಮಾರೋರ ಹತ್ರ ಕೇಳ್ರಿ, ಕಪ್ಪು ನೇರಳೆ ಬಣ್ಣದ ಒಣಾ ಬೇರಿನ ಸಿಪ್ಪಿ ಕೊಡ್ತಾರ. ಕಾಶ್ಮೀರದವರು ರೋಗನ್ ಜೋಶಿಗೆ ಕೆಂಪು ಬರ್ಲಿ ಅಂತ ಬಿಸಿ ಎಣ್ಣ್ಯಾಗ ಹಾಕೂದು ಇದನ್ನ. ನೀರಾಗ ಹಾಕಿದ್ರ ಬಣ್ಣ ಬಿಡೂದ ಕಷ್ಟ, ಎಣ್ಣ್ಯಾಗ ಹಾಕಿದ ಕೂಡಲೇ ದಾಳಿಂಬ್ರಿ ಕಾಳಿನಂಥ ಕೆಂಪು ಇಳೀತೈತಿ, ನೋಡಾಕ ಭಾಳ ಛಂದ. ಒಂದು ಎಚ್ಚರಿಕಿ ಮಾತ್ರ ಈಗ ಹೇಳ್ತೀನಿ, ರತನ್‌ಜೋತ್ ಸೇರಿದ ಗಿಡಗಳ ಕುಲದಾಗ ಲಿವರ್‌ಗೆ ತ್ರಾಸ ಕೊಡೋ ಅಂಶ ಇರ್ತಾವು, ಹಂಗಾಗಿ ಬಸುರಿದ್ದವರು, ಬಾಣಂತ್ಯಾರು, ಸಣ್ಣ ಹುಡುಗ್ಯಾರು ಇದನ್ನ ಹಚ್ಚೂದು ಬ್ಯಾಡ, ಅವರಿಗೆ ಬಣ್ಣ ಇಲ್ಲದ ಎಣ್ಣ್ಯಾಗ ಇದ ಅಳತೀಲೆ ಬರೇ ತುಟಿ ಮುಲಾಮು ಮಾಡಿ ಕೊಡ್ರಿ.

ಮೊದಲ ಬಣ್ಣದ ಎಣ್ಣಿ ಮಾಡಿ ಇಟ್ಕೋಬೇಕು. ಗಾಜಿನ ಬಾಟ್ಲಿ ತೊಳದು ಪೂರಾ ಒಣಗಿಸಿ, 40 ಮಿಲಿ ಔಡಲ ಎಣ್ಣಿ, 10 ಮಿಲಿ ಕುಸುಬಿ ಎಣ್ಣಿ, 5 ಗ್ರಾಂ ರತನ್‌ಜೋತ್ ಕೈಲೆ ಪುಡಿ ಮಾಡಿ ಹಾಕ್ರಿ. ಕುಸುಬಿ ಎಣ್ಣಿ ಯಾಕಂದ್ರ ಔಡಲ ಒಂದ ಹಾಕಿದ್ರ ತುಟಿಗೆ ಜಿಗಿಜಿಗಿ ಅನ್ನಿಸ್ತೈತಿ, ಇದು ಹಗುರ ಮಾಡ್ತೈತಿ, ಆದ್ರ ಕುಸುಬಿ ಎಣ್ಣಿ ಲಗೂ ಕಮಟ್ತೈತಿ, ಅದಕ್ಕ ಹತ್ತರ ಮ್ಯಾಲ ಹೋಗಬ್ಯಾಡ್ರಿ, ಗಾಣದಿಂದ ಹೊಸದಾಗಿ ತಂದದ್ದ ಇರ್ಲಿ. ಪಾತೇಲಿ ಒಳಗ ಒಂದು ಬಟ್ಟಿ ಹಾಸಿ, ನೀರು ಹಾಕಿ, ಬಾಟ್ಲಿ ಅದರಾಗ ನಿಂದ್ರಿಸಿ ಸಣ್ಣ ಉರಿ ಮ್ಯಾಲ ಒಂದು ತಾಸು ಬಿಡ್ರಿ, ನೀರು ಕುದೀಬಾರ್ದು, ಬರೇ ಹಬಿ ಆಡ್ತಿರಬೇಕು. ಎಣ್ಣಿ ಸೀದಾ ಒಲಿ ಮ್ಯಾಲ ಇಟ್ರ ಬಣ್ಣ ಸುಟ್ಟು ಕಂದು ಆಗ್ತೈತಿ, ನನಗ ಒಂದು ಸಲ ಆಗೈತಿ, ಅದನ್ನ ಸರಿ ಮಾಡಾಕ ಬರಂಗಿಲ್ಲ. ಇನ್ನೂ ಬಿಸಿ ಇದ್ದಾಗ ತೆಳ್ಳನ ಹತ್ತಿ ಬಟ್ಟ್ಯಾಗ ಸೋಸ್ರಿ, ಆರಿದ್ರ ಔಡಲ ಎಣ್ಣಿ ಬಟ್ಟ್ಯಾಗಿಂದ ಇಳಿಯಾಕ ರಾತ್ರಿ ತನಕ ಕಾಯಬೇಕಾಗ್ತೈತಿ. ಕೈಗೆ ಹತ್ತಿದ ಬಣ್ಣಕ್ಕ ಸಾಬಾಣ ಹಚ್ಚಿದ್ರ ನೀಲಿ ನೇರಳೆ ಆಗ್ತೈತಿ, ಗಾಬರಿ ಆಗಬ್ಯಾಡ್ರಿ, ಸಾಬಾಣದ ಕ್ಷಾರಕ್ಕ ಅದು ಹಂಗ ತಿರಗ್ತೈತಿ. ಮೊದಲ ಎಣ್ಣಿ ಹಚ್ಚಿ ಒರಸಿ ಆಮ್ಯಾಲ ಕೈ ತೊಳೀರಿ.

ಇನ್ನ ಅಳತಿ. 20 ಗ್ರಾಂ ಮಾಡಿದ್ರ 4 ಗ್ರಾಮಿನ ಐದು ಟ್ಯೂಬ್ ತುಂಬ್ತಾವು. ಬ್ಯಾಸಗಿಗೆ ಜೇನುಮೇಣ 6 ಗ್ರಾಂ, ಕೋಕಂ ತುಪ್ಪ 3 ಗ್ರಾಂ, ಬಣ್ಣದ ಎಣ್ಣಿ 11 ಗ್ರಾಂ. ಚಳಿಗಾಲಕ್ಕ ಮೇಣ ನಾಲ್ಕೂವರಿಗೆ ಇಳಿಸಿ ಎಣ್ಣಿ ಹನ್ನೆರಡೂವರಿ ಮಾಡ್ರಿ, ಇಲ್ಲಾಂದ್ರ ತುಟಿ ಮ್ಯಾಲ ಎಳೀತೈತಿ. ಚಮಚಾ ಲೆಕ್ಕದಾಗ ಮಾಡಬ್ಯಾಡ್ರಿ, ತುರದ ಮೇಣ ಉಬ್ಬಿಕೊಂಡು ಕೂತಿರ್ತೈತಿ, ಒಂದೊಂದು ಸಲ ಒಂದೊಂದು ತೂಕಾ ಬರ್ತೈತಿ. ಮನ್ಯಾಗ ಸಣ್ಣ ತಕ್ಕಡಿ ಇಲ್ಲಂದ್ರ ಪತ್ತಾರ ಅಂಗಡ್ಯಾಗ ತೂಗಿಸಿಕೊಂಡು ಬರ್ರಿ, ನಾನು ಮೊದಲ ಹಂಗ ಮಾಡ್ತಿದ್ದೆ.

ಸ್ಟೀಲಿನ ವಾಟಗಾದಾಗ ಮೊದಲ ಮೇಣ ಅಷ್ಟ ಹಾಕಿ ಬಿಸಿ ನೀರಿನ ಪಾತೇಲಿ ಒಳಗ ಇಡ್ರಿ, ನೀರು ಅರ್ಧಕ್ಕಿಂತ ಕೆಳಗ ಇರ್ಲಿ, ಕುದ್ದು ವಾಟಗಾದೊಳಗ ಸಿಡೀಬಾರ್ದು. ಮೇಣ ಕರಗಿದ ಮ್ಯಾಲ ಬಣ್ಣದ ಎಣ್ಣಿ ಸಾವಕಾಶ ಹಾಕ್ರಿ, ತಂಪು ಎಣ್ಣಿಗೆ ಮೇಣ ಗಂಟು ಗಂಟು ಆದಂಗ ಕಾಣ್ತೈತಿ, ತಿರುವ್ರಿ, ಮತ್ತ ಕರಗ್ತೈತಿ. ಕಡೀಕ ಕೋಕಂ ತುಪ್ಪ. ಎಲ್ಲಾ ಒಂದಾದ ಕೂಡಲೇ ಕೆಳಗಿಳಿಸಿ ಒಂದು ವಿಟಮಿನ್ ಇ ಕ್ಯಾಪ್ಸೂಲು ಸೂಜೀಲೆ ಚುಚ್ಚಿ ಹಿಂಡ್ರಿ, ಎಣ್ಣಿ ಲಗೂ ಕಮಟದಂಗ ಅದು ಕಾಯ್ತೈತಿ.

ಈಗ ಹದಾ ನೋಡಬೇಕು, ಇದನ್ನ ಬಿಡಬ್ಯಾಡ್ರಿ. ಮುಧೋಳ ಮಹಾಲಿಂಗಪುರ ಕಡೆ ಆಲೆಮನ್ಯಾಗ ಬೆಲ್ಲದ ಪಾಕ ತಣ್ಣೀರಾಗ ಬಿಟ್ಟು ನೋಡ್ತಾರಲ್ಲ, ಹಂಗ. ಆದ್ರ ಇಲ್ಲಿ ನೀರು ಬ್ಯಾಡ, ಸ್ಟೀಲ್ ತಾಟು ಫ್ರಿಜ್ಜಿನ್ಯಾಗ ಇಟ್ಟು ತಂಪು ಮಾಡಿ ಅದರ ಮ್ಯಾಲ ಎರಡು ಹನಿ ಬಿಡ್ರಿ, ಎರಡು ನಿಮಿಷಕ್ಕ ಹೆಪ್ಪುಗಟ್ಟತೈತಿ. ಬೆರಳಿಲೆ ಒತ್ತಿ ತುಟಿಗೆ ಹಚ್ಚಿ ನೋಡ್ರಿ, ಸರಾಗ ಜಾರಿ ಬಣ್ಣ ಬಿಡಬೇಕು. ಬೆರಳಿಗೆ ಹತ್ತದಂಗ ಗಟ್ಟಿ ಆಗಿದ್ರ ಅರ್ಧ ಗ್ರಾಂ ಎಣ್ಣಿ, ಬೆಣ್ಣಿಯಂಗ ಹೋದ್ರ ಅರ್ಧ ಗ್ರಾಂ ಮೇಣ ಹಾಕಿ ಮತ್ತ ಕರಗಸ್ರಿ. ಎಷ್ಟು ಸಲ ಕರಗಿಸಿದ್ರೂ ನಡೀತೈತಿ, ಬಿಸಿ ಮಾತ್ರ ಜಾಸ್ತಿ ಮಾಡಬ್ಯಾಡ್ರಿ.

ಆಮ್ಯಾಲ ಲಿಪ್‌ಬಾಮಿನ ಖಾಲಿ ಟ್ಯೂಬಿನ್ಯಾಗ ಹೊಯ್ಯೂದು. ಒಂದ ಸಲಕ್ಕ ಅಂಚಿನ ತನಕ ತುಂಬಿದ್ರ ನಡುವ ಕುಳಿ ಬೀಳ್ತೈತಿ, ಅದಕ್ಕ ಮುಕ್ಕಾಲು ಹೊಯ್ದು ಸ್ವಲ್ಪ ಹೆಪ್ಪುಗಟ್ಟಿದ ಮ್ಯಾಲ ಉಳದದ್ದು ಮತ್ತ ಬಿಸಿ ಮಾಡಿ ಹಾಕ್ರಿ. ಟ್ಯೂಬ್ ಇಲ್ಲಂದ್ರ ಸಣ್ಣ ಕುಂಕುಮದ ಡಬ್ಬಿ ಸಾಕು, ಬೆರಳಿಲೆ ಹಚ್ಕೋಬಹುದು, ನನಗ ಇದ ಜಾಸ್ತಿ ಮನಸ್ಸಿಗೆ ಬರ್ತೈತಿ, ಕಡ್ಡಿ ಮುರಿಯೋ ಚಿಂತಿ ಇಲ್ಲ. ಡಬ್ಬ್ಯಾಗ ಹಳೇ ಕುಂಕುಮ ಚೂರೂ ಇರದಂಗ ತಿಕ್ಕಿ ತೊಳೀರಿ, ಬಿಸಿಲಾಗ ಒಣಗಿಸ್ರಿ.

ಬಣ್ಣ ಎಷ್ಟು ಗಾಢ ಬರ್ತೈತಿ ಅಂತ ವೈನಿ ಕೇಳ್ತಿದ್ರು. ಖರೇ ಹೇಳಬೇಕಂದ್ರ ಬರೇ ರತನ್‌ಜೋತ್ ಹಾಕಿದ್ರ ತುಟಿ ತನ್ನ ಬಣ್ಣದ ಮ್ಯಾಲ ಕೆಂಪು ನೀರು ಬಳದಂಗ ಕಾಣ್ತೈತಿ, ತುಟಿ ಬಣ್ಣ ಪೂರಾ ಮುಚ್ಚಂಗಿಲ್ಲ, ಕಾಲೇಜು ಆಫೀಸಿಗೆ ಅದು ಭಾಳ ಛಂದ. ಮದುವಿ ಮನಿಗೆ ಇಲಕಲ್ ಸೀರಿ ಉಟ್ಟಾಗ ಟೋಪ ಸೆರಗಿನ ಕೆಂಪಿಗೆ ಸರಿಜೋಡಿ ಆಗಬೇಕಂದ್ರ ಕಾಸ್ಮೆಟಿಕ್ ಗ್ರೇಡಿನ ಕೆಂಪು ಐರನ್ ಆಕ್ಸೈಡ್ 1 ಗ್ರಾಂ ಬೇಕು. ಅದನ್ನ ಬಣ್ಣದ ಎಣ್ಣ್ಯಾಗಿಂದ ಎರಡು ಚಮಚಾ ತಗದು ಅದರಾಗ ಹಾಕಿ ಚಮಚಾದ ಬೆನ್ನಿಲೆ ಹತ್ತು ನಿಮಿಷ ಅರೀರಿ, ಗಂಧಾ ತೇದಂಗ ನುಣ್ಣಗಾಗಬೇಕು, ಆಮ್ಯಾಲ ಕರಗಿದ ಮೇಣಕ್ಕ ಸೇರಿಸ್ರಿ. ಕೆಮ್ಮಣ್ಣಿನ ಕೆಂಪೂ ಅದ ಐರನ್ ಆಕ್ಸೈಡ್, ಆದ್ರ ಗ್ವಾಡಿಗೆ ಸಾರಸೋ ಕೆಮ್ಮಣ್ಣು ತುಟಿಗೆ ತರಬ್ಯಾಡ್ರಿ, ಮಣ್ಣಿನ್ಯಾಗ ಸೀಸ, ಆರ್ಸೆನಿಕ್ ಕೂಡಿರಬಹುದು, ಕಾಸ್ಮೆಟಿಕ್ ಗ್ರೇಡಿಂದು ಅದಕ್ಕ ಕಾರ್ಖಾನ್ಯಾಗ ಬ್ಯಾರೆ ತಯಾರು ಮಾಡೂದು. ಕಂದು ಛಾಯಾ ಬೇಕಂದ್ರ ಸಿಹಿ ಇಲ್ಲದ ಕೋಕೋ ಪುಡಿ ಅರ್ಧ ಗ್ರಾಂ, ಜರಡಿ ಹಿಡದು ಹಾಕ್ರಿ.

ಇಲ್ಲಿ ಒಂದು ಮಾತು ಹೇಳದ ಇರಾಕ ಆಗಂಗಿಲ್ಲ. ನಮ್ಮ ಎರಿ ಹೊಲದಾಗ ಜ್ವಾಳದ ನಡುವ ಸಾಲು ಹಿಡದು ಬೆಳಿಯೋ ಕುಸುಬಿ ಐತಲ್ಲ, ಜಪಾನಿನವರು ಅದರ ಹೂವಿನ ಎಸಳಿಂದನ ನೂರಾರು ವರ್ಷ ತುಟಿ ಬಣ್ಣ ಮಾಡ್ಯಾರ, ಬೆನಿ ಅಂತ ಹೆಸರು. ಎಸಳು ತಣ್ಣೀರಾಗ ಮ್ಯಾಲಿಂದ ಮ್ಯಾಲೆ ತೊಳದು ಹಳದಿ ಪೂರಾ ಬಿಡಿಸಿ, ಉಳದ ಎಸಳು ಬೂದಿ ತಿಳಿನೀರಿನಂಥ ಕ್ಷಾರದ ನೀರಾಗ ನೆನಸಿ ಹಿಂಡಿದ್ರ ಕೆಂಪು ಇಳೀತೈತಿ, ಅದಕ್ಕ ಹುಳಿ ಹಾಕಿದ್ರ ಕೆಂಪು ಬ್ಯಾರೆ ಆಗಿ ಹತ್ತಿ ಬಟ್ಟಿಗೆ ಹತ್ತತೈತಿ. ಹೂವಿನ್ಯಾಗ ಕೆಂಪು ಇರೂದು ಭಾಳ ಕಡಿಮಿ, ನಾನು ಒಂದು ಬುಟ್ಟಿ ಒಣಾ ಎಸಳು ತೊಳದು ಇಂಡಿ ನಿಂಬಿಹಣ್ಣು ಹಿಂಡಿ ಮಾಡಿದಾಗ ಒಂದು ಕರವಸ್ತ್ರ ಗುಲಾಬಿ ಆತು ಅಷ್ಟ. ಎಣ್ಣ್ಯಾಗೂ ಅದು ಕರಗಂಗಿಲ್ಲ, ಹಸಿ ಬ್ರಶ್ಶಿಲೆ ಹಚ್ಚೋ ಬಣ್ಣ ಅದು. ಆದ್ರೂ ಮುಳ್ಳು ಚುಚ್ಚತಾವು ಅಂತ ನಾವು ದೂರ ಸರಿಯೋ ಗಿಡದಾಗ ಇಷ್ಟು ಚಲುವಿಕಿ ಐತಿ ಅಂತ ಗೊತ್ತಾದಾಗ ನನಗ ಭಾಳ ಸಂತೋಷ ಆತು.

ಹಾಕಬಾರದವು. ಪ್ಯಾಟಿ ಕುಂಕುಮ, ಸಿಂಧೂರ ಬ್ಯಾಡ, ಸಿಂಧೂರದಾಗ ಸೀಸ ಸಿಕ್ಕದ್ದು ಐತಿ. ಅರಿಷಿಣಕ್ಕ ಸುಣ್ಣಾ ಹಾಕಿದ್ರ ಕೆಂಪು ಬರ್ತೈತಿ ಖರೆ, ತುಟಿ ಚರ್ಮ ಸುಡ್ತೈತಿ. ನಿಂಬಿರಸ, ದಾಲ್ಚಿನ್ನಿ ಎಣ್ಣಿ ಉರಿ ಎಬ್ಬಸ್ತಾವು. ರೋಜ್ ವಾಟರ್, ಜೇನುತುಪ್ಪ ಇವೆರಡೂ ಎಣ್ಣ್ಯಾಗ ಕೂಡಂಗಿಲ್ಲ. ನಮ್ಮ ಆಯಿ ಎಲಿ ಅಡಕಿ ಹಾಕ್ಕೊಂಡು ತುಟಿ ಕೆಂಪಗ ಇಟ್ಕೋತಿದ್ಲು, ಆ ಕೆಂಪು ನನಗ ಇನ್ನೂ ನೆನಪೈತಿ, ಆದ್ರ ಅಡಕಿ ಕ್ಯಾನ್ಸರ್ ತರ್ತೈತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಾಗ ಹೇಳೈತಿ, ಆ ದಾರಿ ಬ್ಯಾಡ.

ಹಚ್ಕೊಳ್ಳೋಕಿಂತ ಮೊದಲ ಮೊಣಕೈ ಒಳಗಡೆ ಸ್ವಲ್ಪ ಹಚ್ಚಿ ಒಂದು ದಿನ ಬಿಡ್ರಿ, ಕೆರೆತ ಕೆಂಪು ಏನೂ ಆಗಲಿಲ್ಲಂದ್ರ ತುಟಿಗೆ. ಜೇನಿಗೆ ಅಲರ್ಜಿ ಇದ್ದವರು ಮೇಣದ ಬಗ್ಗೆ ಹುಷಾರ್ ಇರ್ರಿ. ಡಬ್ಬಿ ಮ್ಯಾಲ ತಾರೀಖು ಬರದು ಅಂಟಸ್ರಿ, ಮೂರು ತಿಂಗಳದಾಗ ಮುಗಸ್ರಿ, ಅದಕ್ಕಿಂತ ಮೊದಲ ಹಳೇ ಶೇಂಗಾದ ವಾಸನಿ ಬಂದ್ರ ಚೆಲ್ಲಿಬಿಡ್ರಿ. ಒಬ್ಬರದು ಒಬ್ಬರು ಹಚ್ಕೋಬ್ಯಾಡ್ರಿ, ಅಕ್ಕ ತಂಗಿ ಆದ್ರೂ. ಬಿಸಿಲಾಗ ನಿಲ್ಲಿಸಿದ ಕಾರಿನ್ಯಾಗ ಮಾತ್ರ ಇದೂ ಮೆತ್ತಗಾಗ್ತೈತಿ, ಅಲ್ಲಿ ಬಿಟ್ಟು ಇಳೀಬ್ಯಾಡ್ರಿ.

ವಾಟಗಾ, ಚಮಚಾ ಬಿಸಿ ಇದ್ದಾಗ್ಲೇ ಹಳೇ ಪೇಪರಿಲೆ ಒರಸಿ ತಗೀರಿ, ಆಮ್ಯಾಲ ಸಾಬಾಣ. ಮೇಣ ಹಂಗ ಸಿಂಕಿನ್ಯಾಗ ಬಿಟ್ರ ಪೈಪಿನ್ಯಾಗ ಹೆಪ್ಪುಗಟ್ಟಿ ಕೂಡ್ತೈತಿ. ಒರಸಿದ ಪೇಪರ್ ನಾನು ಒಗಿಯಂಗಿಲ್ಲ, ಅವ್ವ ನೀರು ಕಾಸೋ ಒಲಿಗೆ ಹಚ್ಚಾಕ ಇಟ್ಕೋತಾಳ, ಭಡಕ್ಕನ ಹೊತ್ತತೈತಿ.