ಮಾತ್ರೆ ಬರೆಯುವ ಮೊದಲು

ಶಿವಮೊಗ್ಗದಲ್ಲಿ ಮನೋವೈದ್ಯನಾಗಿ ಕೂತ ಹೊಸತರಲ್ಲಿ, ಖಿನ್ನತೆ ಎಂದು ಗೊತ್ತಾದ ಕೂಡಲೇ ಚೀಟಿ ಬರೆಯುತ್ತಿದ್ದೆ. ಹೊರಗೆ ಜನ ಕಾಯುತ್ತಿದ್ದರು. ಹೊಸನಗರದ ಕಡೆಯಿಂದ 2 ಬಸ್ಸು ಹತ್ತಿಳಿದು ಬಂದ ಹೆಂಗಸೊಬ್ಬರಿಗೂ ಹಾಗೇ ಮಾಡಿದೆ. ಬೆಳಗಿನ ಜಾವ 3 ಗಂಟೆಗೇ ಎಚ್ಚರ, ಊಟ ಸೇರಲ್ಲ, ಒಲೆ ಹಚ್ಚಲೂ ಮನಸ್ಸಿಲ್ಲ. ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆ ಬರೆದು, 2 ವಾರ ಬಿಟ್ಟು ಬನ್ನಿ ಅಂದೆ. ಬಂದದ್ದು 3 ತಿಂಗಳಿಗೆ. ಸ್ಟ್ರಿಪ್ಪಿನಲ್ಲಿ ಖಾಲಿಯಾಗಿದ್ದು ಮೂರೇ ಮಾತ್ರೆ.

ಹೊಟ್ಟೆ ತೊಳಸಿತಂತೆ, ಬಿಟ್ಟರಂತೆ. ಮೊದಮೊದಲು ಹಾಗಾಗಬಹುದು, ಗುಣ ಕಾಣಲು 2ರಿಂದ 4 ವಾರ ಹಿಡಿಯುತ್ತದೆ ಎಂದು ನಾನು ಹೇಳಿರಲೇ ಇಲ್ಲ. ಇನ್ನೊಂದು ವಿಷಯ, ಮಾತ್ರೆ ನುಂಗುವುದು ಅವರ ಅತ್ತೆಗೆ ಗೊತ್ತಾಗಬಾರದಿತ್ತು. ಅದನ್ನೂ ನಾನು ಕೇಳಿರಲಿಲ್ಲ.

ಆಮೇಲೆ ಕೇಳಲು ಶುರು ಮಾಡಿದೆ. "ನಿಮಗೆ ಯಾವ ಚಿಕಿತ್ಸೆ ಬೇಕು?" ಅಂದರೆ ನಮ್ಮ ಕಡೆ ಉತ್ತರ ಒಂದೇ: "ನೀವು ಹೇಳಿದ ಹಾಗೆ, ಡಾಕ್ಟ್ರೇ." ಮರ್ಯಾದೆಗೆ ಹೇಳುವ ಮಾತು ಅದು. ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿದೆ. "ಯಾವುದು ಬೇಡ, ಹೇಳಿ." ಈಗ ಬಾಯಿ ಬಿಡುತ್ತಾರೆ. ಮರ ಹತ್ತಿ ಅಡಿಕೆ ಕೊನೆ ತೆಗೆಯುವವರಿಗೆ ಮಂಪರು ಬೇಡ. ಅವರಿಗೆ ಮಂಪರು ತರಿಸುವ ಮಿರ್ಟಾಜಪಿನ್ ಮಾತ್ರೆ ಬರೆಯಲ್ಲ, ನಿದ್ದೆಯಿಲ್ಲದೆ ಸೊರಗಿದವರಿಗೆ ಅದೇ ಒಳ್ಳೆಯದಾದರೂ. ಹೊಸದಾಗಿ ಮದುವೆಯಾದವರ ಚಿಂತೆಯನ್ನು ಮಾತ್ರ ನಾನೇ ಎತ್ತಬೇಕು. ಕೆಲವು ಮಾತ್ರೆ ಕಾಮಾಸಕ್ತಿ ತಗ್ಗಿಸುತ್ತವೆ, ಅದನ್ನು ಯಾರು ತಾವಾಗೇ ಕೇಳ್ತಾರೆ, ಅಲ್ವಾ?

ಮಾತ್ರೆಯೇ ಬೇಡ ಅನ್ನುವವರೂ ಇದ್ದಾರೆ. ತೀರಾ ಜೋರಲ್ಲದ ಖಿನ್ನತೆಗೆ ಮಾತಿನ ಚಿಕಿತ್ಸೆಯೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆ. ಆದರೆ ಹತ್ತು ಹನ್ನೆರಡು ಸಲ ಬರಬೇಕು. ಆಗುಂಬೆಯಿಂದ, ಜುಲೈ ಮಳೆಯಲ್ಲಿ, ವಾರ ವಾರ? ಕೆಲವರ ಹತ್ತಿರ ಫೋನಿನಲ್ಲೇ ಮಾತಾಡುತ್ತೇನೆ. ನಡುವೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಅನ್ನುತ್ತೇನೆ.

ಸಾಯುವ ಯೋಚನೆ ಇದ್ದವರ ವಿಷಯದಲ್ಲಿ ಇಷ್ಟು ಸಡಿಲ ಬಿಡಲ್ಲ. ಮನೆಯವರನ್ನು ಕರೆಸಿ, ತೋಟದ ವಿಷದ ಡಬ್ಬಗಳಿಗೆ ಬೀಗ ಹಾಕಿಸಿ, ಅಡ್ಮಿಟ್ ಆಗಿ ಎಂದು ಒತ್ತಾಯ ಮಾಡುತ್ತೇನೆ.

ಹೊಸನಗರದವರು ಕೊನೆಗೆ ಮಾತ್ರೆಯನ್ನೇ ಆರಿಸಿಕೊಂಡರು. ವಾರ ವಾರ ಬಸ್ಸು ಹತ್ತಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬುದು ಅವರ ಲೆಕ್ಕ. ಗುಣವಾದ ಮೇಲೂ 6 ತಿಂಗಳಾದರೂ ನುಂಗಬೇಕು, ತಟ್ಟನೆ ನಿಲ್ಲಿಸಬಾರದು ಅಂದೆ. ಒಪ್ಪಿದರು. "ತಿಂಡಿ ಆದಮೇಲೆ ದನ ಬಿಡ್ಲಿಕ್ಕೆ ಕೊಟ್ಟಿಗೆಗೆ ಹೋಗ್ತೀನಲ್ಲ, ಅಲ್ಲೇ ನುಂಗ್ತೀನಿ." ಮಳೆಗಾಲ, ಸ್ಟ್ರಿಪ್ ತೇವ ಆಗದ ಹಾಗೆ ನೋಡಿಕೊಳ್ಳಿ ಅಂದೆ.

"ಎಲೆಅಡಿಕೆ ಡಬ್ಬಿ ಉಂಟಲ್ಲ ಡಾಕ್ಟ್ರೇ" ಅಂದರು.