ಫೋನಿನ ಅಲಾರಂ ಹಿಡಿದು ಗೀಸರ್, ದೀಪ ನಡೆಸುವುದು: ನನ್ನ ಅನುಭವ

ಫೋನಿನ ಅಲಾರಂ ನೆಚ್ಚಿಕೊಂಡು ಗೀಸರ್ ನಡೆಸುವುದು ಆಗದ ಕೆಲಸ ಎಂದವರೇ ಹೆಚ್ಚು. ರಾತ್ರಿ ಫೋನು ವೈಫೈ ಬಿಟ್ಟುಬಿಡುತ್ತದೆ, ಬ್ಯಾಟರಿ ಉಳಿಸುವ ನೆಪದಲ್ಲಿ ಆಪ್ ಸಾಯುತ್ತದೆ, ಸುಮ್ಮನೆ ಐದೂವರೆಗೆ ಟೈಮರ್ ಹಾಕಿಕೊಳ್ಳಿ ಎನ್ನುವುದು ಅವರ ವಾದ. ಆದರೆ ಬೇಗ ಏಳುವ ದಿನ, ತಡವಾಗಿ ಏಳುವ ದಿನ, ರಜೆ, ಊರಿಗೆ ಹೊರಡುವ ದಿನ, ಇವ್ಯಾವುದೂ ಟೈಮರ್‌ಗೆ ಗೊತ್ತಿಲ್ಲ. ಮಲಗುವ ಮುಂಚೆ ಎಲ್ಲರೂ ತಪ್ಪದೆ ಮುಟ್ಟುವ ಒಂದೇ ಸ್ವಿಚ್ಚು ಫೋನಿನ ಅಲಾರಂ. ಈಗ ನಮ್ಮಲ್ಲಿ ಗೀಸರ್, ದೀಪ, ಕಾಫಿ ಮೂರೂ ಅದರ ಮೇಲೇ ನಡೆಯುತ್ತಿವೆ. ಆಗದು ಎಂದವರಲ್ಲಿ ಇಬ್ಬರು ತಮ್ಮ ಮನೆಗೂ ಇದನ್ನೇ ಹಾಕಿಸಿಕೊಂಡಿದ್ದಾರೆ.

ಗುಟ್ಟು ಇರುವುದು ಇಷ್ಟರಲ್ಲೇ: ಅಲಾರಂ ಬಾರಿಸುವ ಗಳಿಗೆಯನ್ನು ಹಿಡಿಯಲು ಹೋಗಬಾರದು. ಎಷ್ಟು ಗಂಟೆಗೆ ಬಾರಿಸುತ್ತದೆ ಎನ್ನುವುದನ್ನು ಹಿಂದಿನ ರಾತ್ರಿಯೇ ಮನೆಯ ಸಾಧನಗಳನ್ನು ನಡೆಸುವ ಕಂಪ್ಯೂಟರ್‌ಗೆ (ಸರ್ವರ್) ಮುಟ್ಟಿಸಿಬಿಡಬೇಕು. ಗೂಗಲ್ ರೂಟೀನ್‌ನಿಂದ ಹಿಡಿದು ಫೋನಿನ ಕೆಲಸಗಳನ್ನು ತಾನಾಗಿ ನಡೆಸುವ ಟಾಸ್ಕರ್ ಆಪ್‌ವರೆಗೆ ಬಹಳ ಜನ ಬಳಸುವ ದಾರಿಯಲ್ಲಿ ಅಲಾರಂ ಬಾರಿಸಿದ ಮೇಲೋ, ಆರಿಸಿದ ಮೇಲೋ ಕೆಲಸ ಶುರುವಾಗುತ್ತದೆ. ದೀಪಕ್ಕೆ ಅದು ಸಾಕು. ಗೀಸರ್‌ಗೆ ಆಗಲೇ ತಡ. ಫೋನು ಆ ಹೊತ್ತಿಗೆ ವೈಫೈ ಹಿಡಿದಿಲ್ಲದಿದ್ದರೆ ಎರಡೂ ಇಲ್ಲ.

ಆ ಸರ್ವರ್‌ನಲ್ಲಿ ಓಡುವ ತಂತ್ರಾಂಶ ಹೋಮ್ ಅಸಿಸ್ಟೆಂಟ್. ಅದನ್ನು ಹಾಕಿಕೊಳ್ಳುವುದು, ಆಟೊಮೇಷನ್ (ಯಾವಾಗ ಏನು ನಡೆಯಬೇಕು ಎನ್ನುವ ನಿಯಮ) ಬರೆಯುವುದು ಗೊತ್ತಿದೆ ಎಂದುಕೊಂಡೇ ಮುಂದಕ್ಕೆ ಹೋಗುತ್ತೇನೆ. ಹೋಮ್ ಅಸಿಸ್ಟೆಂಟ್‌ನ ಆಂಡ್ರಾಯ್ಡ್ ಕಂಪ್ಯಾನಿಯನ್ ಆಪ್‌ನಲ್ಲಿ ಮ್ಯಾನೇಜ್ ಸೆನ್ಸರ್ಸ್ ಒಳಗೆ 'ನೆಕ್ಸ್ಟ್ ಅಲಾರ್ಮ್' ಎನ್ನುವ ಸೆನ್ಸರ್ ಇದೆ. ಆನ್ ಮಾಡಿದರೆ ಮುಂದಿನ ಅಲಾರಂನ ದಿನಾಂಕ, ಸಮಯ ಸರ್ವರ್‌ಗೆ ಬರುತ್ತದೆ. ಅಲಾರಂ ಬದಲಾಯಿಸಿದ ಕೂಡಲೇ ಆಂಡ್ರಾಯ್ಡ್ ಸುದ್ದಿ ಕೊಡುತ್ತದೆ, ಆಪ್ ಅದನ್ನು ಕಳಿಸುತ್ತದೆ. ಆಗ ಫೋನು ಕೈಯಲ್ಲೇ ಇರುತ್ತದೆ, ಪರದೆ ಹೊತ್ತಿರುತ್ತದೆ, ವೈಫೈ ಇರುತ್ತದೆ. ಆಮೇಲೆ ಫೋನು ಏನಾದರೂ ಮಾಡಿಕೊಳ್ಳಲಿ, ಲೆಕ್ಕ ಸರ್ವರ್ ಹತ್ತಿರ ಇದೆ. ಆದರೂ ಆಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದು, ಆಟೊಸ್ಟಾರ್ಟ್ ಕೊಟ್ಟಿರಿ. ಕೆಲವು ಫೋನುಗಳಲ್ಲಿ ಅಪ್‌ಡೇಟ್ ಬಂದಾಗ ಈ ಎರಡೂ ಸದ್ದಿಲ್ಲದೆ ಹಿಂದಿನಂತಾಗುತ್ತವೆ, ಅಪ್‌ಡೇಟ್ ಆದ ದಿನ ಒಮ್ಮೆ ನೋಡಿ.

ಸೆನ್ಸರ್ ಕೊಡುವುದು ಯುಟಿಸಿ ಸಮಯ, ಅಂದರೆ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ಬೆಳಗ್ಗೆ 6:00ರ ಅಲಾರಂ ಅಲ್ಲಿ 00:30 ಎಂದು ಕಾಣುತ್ತದೆ. ಅಕ್ಷರ ಕತ್ತರಿಸಿ ಗಂಟೆ ತೆಗೆಯುವ ಟೆಂಪ್ಲೇಟ್‌ಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಅವುಗಳನ್ನು ಹಾಕಿದರೆ ನಮ್ಮ ದೇಶದಲ್ಲಿ ಸರಿಯಾಗಿ ಐದೂವರೆ ಗಂಟೆ ತಪ್ಪುತ್ತದೆ. ದಿನಾಂಕ, ಸಮಯ ಕೂಡಿದ ಟೈಮ್‌ಸ್ಟ್ಯಾಂಪ್ ಆಗಿಯೇ ಬಳಸಿ, ಪರಿವರ್ತನೆಯನ್ನು ಸರ್ವರ್‌ಗೆ ಬಿಡಿ.

ಇನ್ನೊಂದು ಕಾಟ ಬೇರೆ ಆಪ್‌ಗಳದ್ದು. ಮಾತ್ರೆ ನೆನಪಿಸುವ ಆಪ್, ಕೆಲಸದ ಪಟ್ಟಿಯ ಆಪ್, ಕೆಲವು ಕ್ಯಾಲೆಂಡರ್‌ಗಳು ಸರಿಯಾದ ಹೊತ್ತಿಗೆ ಎಚ್ಚರಿಸಲು ಇದೇ ಅಲಾರಂ ವ್ಯವಸ್ಥೆಯನ್ನು ಬಳಸುತ್ತವೆ. ಆಗ ಮಧ್ಯಾಹ್ನ ಎರಡಕ್ಕೆ ಗೀಸರ್ ಹತ್ತುತ್ತದೆ. ಸೆನ್ಸರ್‌ನ ಸೆಟ್ಟಿಂಗ್‌ನಲ್ಲಿ ಅಲೋ ಲಿಸ್ಟ್ (ಯಾವ ಆಪ್‌ಗಳ ಅಲಾರಂ ಒಪ್ಪಬೇಕು ಎನ್ನುವ ಪಟ್ಟಿ) ಇದೆ, ಅದರಲ್ಲಿ ಗಡಿಯಾರದ ಆಪ್ ಒಂದನ್ನೇ ಇಡಿ. ಹೆಸರು ಗೊತ್ತಿಲ್ಲದಿದ್ದರೆ ಒಂದು ಅಲಾರಂ ಇಟ್ಟು ಸೆನ್ಸರ್‌ನ ಪ್ಯಾಕೇಜ್ ಆಟ್ರಿಬ್ಯೂಟ್ ನೋಡಿದರೆ ಸಿಗುತ್ತದೆ. ಇಷ್ಟು ಮಾಡಿದರೂ ಒಂದು ಸಂದು ಉಳಿಯುತ್ತದೆ. ಆಂಡ್ರಾಯ್ಡ್ ಹೇಳುವುದು ಎಲ್ಲಕ್ಕಿಂತ ಹತ್ತಿರದ ಒಂದೇ ಒಂದು ಅಲಾರಂ. ಮಾತ್ರೆಯ ಆಪ್ 5:20ಕ್ಕೆ ಇಟ್ಟಿದ್ದರೆ ಅದರ ಹಿಂದಿರುವ 5:30ರ ಅಲಾರಂ ಕಾಣುವುದೇ ಇಲ್ಲ. ಇದಕ್ಕೆ ಮದ್ದಿಲ್ಲ, ಆ ಆಪ್‌ನ ಸಮಯವನ್ನು ಹಗಲಿಗೆ ಸರಿಸಬೇಕು ಅಷ್ಟೇ.

ಸೆನ್ಸರ್ ಮೇಲೆ ನೇರವಾಗಿ ಆಟೊಮೇಷನ್ ಕಟ್ಟಬೇಡಿ. ಅದರ ಸಮಯವನ್ನು ದಿನಾಂಕ, ಗಂಟೆ ಎರಡೂ ಇರುವ ಒಂದು ಹೆಲ್ಪರ್‌ಗೆ (ಹೋಮ್ ಅಸಿಸ್ಟೆಂಟ್‌ನಲ್ಲಿ ಮೌಲ್ಯ ಇಟ್ಟುಕೊಳ್ಳಲು ನಾವೇ ಮಾಡಿಕೊಳ್ಳುವ ಜಾಗ) ನಕಲು ಮಾಡಿ, ಮಿಕ್ಕ ಕೆಲಸವೆಲ್ಲ ಆ ಹೆಲ್ಪರ್ ನೋಡಿಕೊಂಡು ನಡೆಯಲಿ. ಬರೀ ಗಂಟೆಯ ಹೆಲ್ಪರ್ ಇಟ್ಟರೆ ಭಾನುವಾರ ಕೆಡುತ್ತದೆ: ಶನಿವಾರದ ಅಲಾರಂ ಮುಗಿದೊಡನೆ ಸೆನ್ಸರ್ ಸೋಮವಾರದ 6:00 ತೋರಿಸುತ್ತದೆ, ದಿನಾಂಕ ಬಿಟ್ಟುಹೋದರೆ ಭಾನುವಾರವೂ ನೀರು ಕಾಯುತ್ತದೆ. ನಕಲಿಗೆ ನಾನು ಇಟ್ಟಿರುವ ಶರತ್ತು, ಸಮಯ ಬೆಳಗಿನ 3:30ರಿಂದ 9:30ರ ಒಳಗಿರಬೇಕು. ಅಲಾರಂ ಯಾವುದೂ ಇಲ್ಲದಿದ್ದರೆ ಸೆನ್ಸರ್ 'ಅನ್‌ಅವೈಲಬಲ್' ಆಗುತ್ತದೆ. ಅದು ಎರಡು ನಿಮಿಷ ಹಾಗೇ ನಿಂತರೆ ಮಾತ್ರ ಹೆಲ್ಪರ್ ಅನ್ನು ಕಳೆದುಹೋದ ದಿನಾಂಕಕ್ಕೆ ತಳ್ಳುತ್ತೇನೆ, ಆಗ ಏನೂ ಹತ್ತುವುದಿಲ್ಲ. ಸರ್ವರ್ ರೀಸ್ಟಾರ್ಟ್ ಆದಾಗ ಕ್ಷಣಕಾಲ ಇದೇ ಸ್ಥಿತಿ ಕಾಣಿಸಬಹುದು, ಅದಕ್ಕೆಲ್ಲ ಬೆಚ್ಚಬೇಕಿಲ್ಲ.

ಸ್ನೂಜ್ ಇನ್ನೊಂದು ತಲೆನೋವು. ಸ್ನೂಜ್ ಒತ್ತಿದರೆ ಹತ್ತು ನಿಮಿಷದಾಚೆಗೆ ಹೊಸ ಅಲಾರಂ ಹುಟ್ಟುತ್ತದೆ, ಸೆನ್ಸರ್ ಅದನ್ನೇ ಹೇಳುತ್ತದೆ. ಐದು ನಿಮಿಷ ಮುಂಚೆ ಶುರುವಾಗುವ ಕೆಲಸ ಇದ್ದರೆ ಪ್ರತಿ ಸ್ನೂಜ್‌ಗೂ ಮತ್ತೆ ನಡೆಯುತ್ತದೆ. ಅಲ್ಲದೆ 6:00ಕ್ಕೆ ಅಲಾರಂ ಬಾರಿಸುವ ಸೆಕೆಂಡಿನಲ್ಲೇ ಸೆನ್ಸರ್ ನಾಳೆಗೆ ಜಿಗಿಯುವುದರಿಂದ, ಸರಿಯಾಗಿ 6:00ಕ್ಕೆ ಆಗಬೇಕಾದ ಕೆಲಸ ಕೆಲವೊಮ್ಮೆ ಆಗುತ್ತದೆ, ಕೆಲವೊಮ್ಮೆ ಇಲ್ಲ. ಎರಡಕ್ಕೂ ಒಂದೇ ಪರಿಹಾರ. ಗೀಸರ್ ಹತ್ತಿದ ಕ್ಷಣದಿಂದ ಅಲಾರಂ ಆಗಿ ಒಂದು ಗಂಟೆಯವರೆಗೆ ಹೆಲ್ಪರ್‌ಗೆ ಬೀಗ. ಅಂದರೆ ಆ ಹೊತ್ತಿನಲ್ಲಿ ನಕಲು ನಡೆಯಬಾರದು, ಅದಕ್ಕೆ ಆನ್-ಆಫ್ ಆಗುವ ಒಂದು ಟಾಗಲ್ ಸಾಕು. ಬೀಗ ತೆಗೆದ ತಕ್ಷಣ ಸೆನ್ಸರ್‌ನಿಂದ ಮತ್ತೊಮ್ಮೆ ನಕಲು ಮಾಡಿಸಬೇಕು, ಇಲ್ಲದಿದ್ದರೆ ನಾಳೆಯ ಅಲಾರಂ ಹೊರಗೇ ಉಳಿಯುತ್ತದೆ. ಸ್ನೂಜ್ ಒತ್ತಿದಷ್ಟೂ ಕಾಫಿ ಮಾತ್ರ ಹಿಂದಕ್ಕೆ ಸರಿಯುವಂತೆ ಮಾಡಿರುವುದು ನನ್ನದೇ ಉಪಾಯ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಗೀಸರ್ ಎಷ್ಟು ಮುಂಚೆ ಹತ್ತಬೇಕು ಎನ್ನುವುದಕ್ಕೆ ಅಂದಾಜು ಬೇಡ, ಲೆಕ್ಕವೇ ಇದೆ. ಲೀಟರ್ ಅನ್ನು ಏರಬೇಕಾದ ಡಿಗ್ರಿಯಿಂದ ಗುಣಿಸಿ, 4.2ರಿಂದ ಗುಣಿಸಿ, ಕಿಲೋವ್ಯಾಟ್‌ನಿಂದ ಭಾಗಿಸಿದರೆ ಸೆಕೆಂಡು. 15 ಲೀಟರ್, 2 ಕಿಲೋವ್ಯಾಟ್, 20 ಡಿಗ್ರಿಯಿಂದ 55ಕ್ಕೆ ಎಂದರೆ ಸುಮಾರು 18 ನಿಮಿಷ. ಅದೇ 25 ಲೀಟರ್‌ಗೆ ಅರ್ಧ ಗಂಟೆ. ಬೇಸಿಗೆಯಲ್ಲಿ ತೊಟ್ಟಿಯ ನೀರೇ 27, 28 ಇರುತ್ತದೆ, 15 ಲೀಟರ್‌ಗೆ 14 ನಿಮಿಷ ಸಾಕು. ಬಹಳ ಜನ ಮರೆಯುವುದು ವೋಲ್ಟೇಜ್. ಕಾಯಿಲ್‌ನ ಶಕ್ತಿ ವೋಲ್ಟೇಜ್‌ನ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. 230ರ ಜಾಗದಲ್ಲಿ 200 ಬಂದರೆ 2 ಕಿಲೋವ್ಯಾಟ್ ಹೋಗಿ ಒಂದೂವರೆ ಆಗುತ್ತದೆ, 18 ನಿಮಿಷ 24 ಆಗುತ್ತದೆ. ಗೀಸರ್‌ಗೆ ಹಾಕುವ, ಮೀಟರ್ ಇರುವ ಸ್ಮಾರ್ಟ್ ಪ್ಲಗ್ ವೋಲ್ಟೇಜ್ ಹೇಳುತ್ತದೆ. ಅದನ್ನು ಲೆಕ್ಕಕ್ಕೆ ಸೇರಿಸಿದ ಮೇಲೆಯೇ 'ನೀರು ಬೆಚ್ಚಗಷ್ಟೇ ಇದೆ' ಎನ್ನುವ ದೂರು ನಿಂತದ್ದು. ಥರ್ಮೋಸ್ಟಾಟ್ ಕಟ್ ಆದಾಗ ಪವರ್ ಸೊನ್ನೆಗೆ ಬೀಳುತ್ತದೆ, ಅದನ್ನೇ ಹಿಡಿದು 'ನೀರು ಸಿದ್ಧ' ಎಂದು ಫೋನಿಗೆ ಸಂದೇಶ ಹಾಕಿಸಬಹುದು.

ಆಫ್ ಮಾಡುವ ಕೆಲಸವನ್ನು ಸರ್ವರ್‌ಗೆ ಬಿಡಲೇಬೇಡಿ. ಆನ್ ಆದ ಮೇಲೆ ವೈಫೈ ಹೋದರೆ ಆಫ್ ಎನ್ನುವ ಆಜ್ಞೆ ತಲುಪುವುದೇ ಇಲ್ಲ. ಪ್ಲಗ್‌ನಲ್ಲಿ ಟಾಸ್ಮೋಟಾ (ಸ್ಮಾರ್ಟ್ ಪ್ಲಗ್‌ಗಳ ಒಳಗೆ ಓಡುವ ತಂತ್ರಾಂಶ) ಇದ್ದರೆ, ಇಷ್ಟು ಹೊತ್ತಿನ ಮೇಲೆ ತಾನೇ ಆಫ್ ಆಗಿಸುವ ಪಲ್ಸ್‌ಟೈಮ್ 1900 ಎಂದರೆ 30 ನಿಮಿಷ, 2800 ಎಂದರೆ 45. ಸೆಕೆಂಡಿಗೆ ನೂರು ಕೂಡಿಸಿ ಬರೆಯುವುದು ಅಲ್ಲಿನ ಪದ್ಧತಿ. 25 ಲೀಟರ್‌ಗೆ 45 ಇಡಿ, ವೋಲ್ಟೇಜ್ ಇಳಿದ ದಿನ 40 ನಿಮಿಷ ಬೇಕಾಗುತ್ತದೆ. ಜೊತೆಗೆ ಪವರ್‌ಆನ್‌ಸ್ಟೇಟ್ 0, ಕರೆಂಟು ಹೋಗಿ ಬಂದಾಗ ತಾನಾಗಿ ಹತ್ತಬಾರದು. 2 ಕಿಲೋವ್ಯಾಟ್ ಎಂದರೆ ಸುಮಾರು 8.7 ಆಂಪಿಯರ್, 16 ಆಂಪಿಯರ್ ಪ್ಲಗ್ ತಡೆಯುತ್ತದೆ. 3 ಕಿಲೋವ್ಯಾಟ್‌ನ ಇನ್‌ಸ್ಟಂಟ್ ಗೀಸರ್‌ಗೆ 13 ಆಂಪಿಯರ್, ಪ್ಲಗ್ ಬಿಸಿಯಾಗುತ್ತದೆ. ಹೇಗೂ ಅದು ನಲ್ಲಿ ತಿರುಗಿಸಿದಾಗ ಕಾಯಿಸುವ ಗೀಸರ್, ಅಲಾರಂಗೆ ಕಟ್ಟುವ ಅಗತ್ಯವೇ ಇಲ್ಲ. ಪ್ಲಗ್ ಒಳಗೆ ಸ್ವಿಚ್ಚಿನ ಕೆಲಸ ಮಾಡುವ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡರೆ ಪ್ಲಗ್ ಆಫ್ ಎಂದರೂ ಕರೆಂಟು ಹರಿಯುತ್ತಲೇ ಇರುತ್ತದೆ. ಆದ್ದರಿಂದ 'ಆಫ್ ಆದರೂ 50 ವ್ಯಾಟ್‌ಗಿಂತ ಹೆಚ್ಚು' ಎಂದು ಒಂದು ಎಚ್ಚರಿಕೆ ಇಟ್ಟಿರಿ. ರಿಲೇಯ ಆಚೆ ಅಳೆಯುವ ಪ್ಲಗ್‌ನಲ್ಲೇ ಇದು ಗೊತ್ತಾಗುವುದು. ದೀರ್ಘ ಬಾಳಿಕೆ ಬೇಕಿದ್ದವರು ಎಲೆಕ್ಟ್ರಿಷಿಯನ್ ಕರೆಸಿ ಎಂಸಿಬಿ ಬಾಕ್ಸಿನಲ್ಲಿ 25 ಆಂಪಿಯರ್ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟು ತಡೆಯುವ ದೊಡ್ಡ ರಿಲೇ) ಹಾಕಿಸಿ, ರಿಲೇಯಿಂದ ಅದರ ಕಾಯಿಲ್ ಮಾತ್ರ ನಡೆಸಿ.

ದೀಪದ ವಿಷಯದಲ್ಲಿ ನಮ್ಮ ಮನೆಗಳ ದೊಡ್ಡ ತೊಡಕು ಗೋಡೆಯ ಸ್ವಿಚ್ಚು. ರಾತ್ರಿ ಯಾರಾದರೂ ಅದನ್ನು ಆರಿಸಿದರೆ ಸ್ಮಾರ್ಟ್ ಬಲ್ಬ್ ಸತ್ತಂತೆ. ಬಲ್ಬ್ ಬಿಟ್ಟು ಮಂಚದ ಹಿಂದೆ 12 ವೋಲ್ಟ್ ಎಲ್‌ಇಡಿ ಪಟ್ಟಿ, ಇಎಸ್‌ಪಿ32 (ವೈಫೈ ಇರುವ ಸಣ್ಣ ಬೋರ್ಡು), 5 ಆಂಪಿಯರ್ ಅಡಾಪ್ಟರ್ ಹಾಕಿ, ಪಟ್ಟಿ ನಡೆಸುವ ಡಬ್ಲ್ಯುಎಲ್‌ಇಡಿ ತಂತ್ರಾಂಶ ಓಡಿಸಿದ್ದೇನೆ. ಅದರ ಸನ್‌ರೈಸ್ ಎಫೆಕ್ಟ್‌ನಲ್ಲಿ ಸ್ಪೀಡ್‌ನ ಸಂಖ್ಯೆಯೇ ನಿಮಿಷ, 20 ಇಟ್ಟರೆ ಇಪ್ಪತ್ತು ನಿಮಿಷದಲ್ಲಿ ಬೆಳಗುತ್ತದೆ. ಬಲ್ಬೇ ಬೇಕು ಎನ್ನುವವರು ಶೇಕಡ 1ರಿಂದ 10ರವರೆಗೆ ಅರ್ಧ ಸಮಯ ಕೊಡಿ. ಕಣ್ಣಿಗೆ ಕೆಳಗಿನ ಹೆಜ್ಜೆಗಳೇ ದೊಡ್ಡದಾಗಿ ಕಾಣುವುದು. ಎಸಿಯನ್ನು ಇಪ್ಪತ್ತು ನಿಮಿಷ ಮುಂಚೆ ಆರಿಸುವ ಪ್ರಯೋಗವೂ ಮಾಡಿದೆ, ಚೆನ್ನಾಗಿದೆ. ಫ್ಯಾನ್ ವೇಗ ಇಳಿಸುವ ಪ್ರಯೋಗ ಬೇಡ, ಸದ್ದು ಬದಲಾದಾಗಲೆಲ್ಲ ನಿದ್ದೆ ಕೆಡುತ್ತದೆ. ಸ್ಪೀಕರ್‌ನಲ್ಲಿ ಆಕಾಶವಾಣಿ ಹಚ್ಚುವುದಿದ್ದರೆ ಮೊದಲು ಸದ್ದು ತಗ್ಗಿಸಿ, ಎರಡು ಸೆಕೆಂಡು ಬಿಟ್ಟು ನಂತರ ಹಚ್ಚಿಸಿ, ಇಲ್ಲದಿದ್ದರೆ ರಾತ್ರಿಯ ಪಾರ್ಟಿಯ ಸದ್ದಿನಲ್ಲೇ ಶುರುವಾಗುತ್ತದೆ. ಕಾಫಿ ಮೇಕರ್‌ನ ಸ್ವಿಚ್ಚು ಒತ್ತಿದರೆ ಒತ್ತಿದಂತೆಯೇ ಇರುವ ಹಳೆಯ ಮಾದರಿಯದ್ದಾಗಿರಬೇಕು. ಟಚ್ ಬಟನ್ ಇದ್ದರೆ ಪ್ಲಗ್ ಹತ್ತಿದರೂ ಯಂತ್ರ ಕಾಯುತ್ತಾ ಕೂರುತ್ತದೆ. ಇಂಡಕ್ಷನ್ ಒಲೆಯದ್ದೂ ಇದೇ ಕಥೆ.

ಖರ್ಚು ನೆನಪಿನಿಂದ ಹೇಳುವುದಾದರೆ, ಮೀಟರ್ ಇರುವ ಪ್ಲಗ್ ಸಾವಿರದ ಇನ್ನೂರರ ಆಸುಪಾಸು, ಎಲ್‌ಇಡಿ ಪಟ್ಟಿಯ ಸಾಮಾನೆಲ್ಲ ಸೇರಿ ಒಂದೂವರೆ ಸಾವಿರ, ರೂಟರ್‌ಗೆ ಮಿನಿ ಯುಪಿಎಸ್ ಒಂದೂವರೆ ಸಾವಿರ, ಸರ್ವರ್‌ಗೆ ಸೆಕೆಂಡ್‌ಹ್ಯಾಂಡ್ ಮಿನಿ ಪಿಸಿ ಏಳು ಸಾವಿರ. ಯುಪಿಎಸ್ ಬಿಡಬೇಡಿ, ಬೆಳಗಿನ ಜಾವ ಕರೆಂಟು ಮಿಣುಕಿದರೆ ರೂಟರ್ ಏಳಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಬಿಲ್ಲು ಉಳಿಯುತ್ತದೆ ಎನ್ನುವ ಆಸೆಯಿಂದ ಇದಕ್ಕೆ ಕೈ ಹಾಕಬೇಡಿ. 15 ಲೀಟರ್ ನೀರು ಕಾಯಿಸಲು ಬೇಕಾದ ಸುಮಾರು 0.6 ಯೂನಿಟ್ ಯಾವಾಗ ಕಾಯಿಸಿದರೂ ಬೇಕು, ಥರ್ಮೋಸ್ಟಾಟ್ ಇರುವ ಗೀಸರ್ ಎರಡು ಗಂಟೆ ಹೆಚ್ಚಿಗೆ ಹತ್ತಿದ್ದರೂ ಹೋಗುವುದು ಅಲ್ಪ. ಆರಿಸಲು ಮರೆತು ದಿನವಿಡೀ ಬಿಡುವ ಮನೆಯಲ್ಲಿ ಮಾತ್ರ ತಿಂಗಳಿಗೆ ಒಂದಿಷ್ಟು ಉಳಿಯುತ್ತದೆ.

ಮನೆಯಲ್ಲಿ ಇಬ್ಬರ ಫೋನಿದ್ದರೆ ಇಬ್ಬರಿಗೂ ಬೇರೆ ಹೆಲ್ಪರ್ ಮಾಡಿ, ಗೀಸರ್‌ಗೆ ಇನ್ನೂ ಬರಬೇಕಿರುವ ಸಮಯಗಳಲ್ಲಿ ಮೊದಲಿನದು, ದೀಪಕ್ಕೆ ಅವರವರದು. ಐಫೋನ್‌ನಲ್ಲಿ ನೆಕ್ಸ್ಟ್ ಅಲಾರ್ಮ್ ಸೆನ್ಸರ್ ಇಲ್ಲ. ಶಾರ್ಟ್‌ಕಟ್ಸ್ ಆಪ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ತಾನಾಗಿ ನಡೆಯುವ ಆಟೊಮೇಷನ್ ಇಟ್ಟು, ಆನ್ ಇರುವ ಅಲಾರಂಗಳನ್ನು ಹುಡುಕಿಸಿ, ಸಮಯವನ್ನು ವೆಬ್‌ಹುಕ್‌ಗೆ (ಸಂದೇಶ ಪಡೆಯಲು ಸರ್ವರ್‌ನಲ್ಲಿರುವ ವಿಳಾಸ) ಕಳಿಸಬೇಕು. 'ಕೇಳಿ ನಡೆಸು' ಎನ್ನುವುದನ್ನು ತೆಗೆದಿರಿ. ಹನ್ನೊಂದರ ನಂತರ ಅಲಾರಂ ಬದಲಾಯಿಸುವ ರೂಢಿ ಇದ್ದರೆ ಹನ್ನೆರಡೂವರೆಗೆ ಇನ್ನೊಮ್ಮೆ ಅದನ್ನೇ ಓಡಿಸಿ.